ರೇಡಿಯೋಸಾಂಡ್ ಬಲೂನು ಹಾರಿಸುವ ಕ್ರಮ: ಗ್ರೌಂಡ್ ಚೆಕ್‌ನಿಂದ ಬಲೂನು ಒಡೆಯುವವರೆಗೆ

ಮೇಲಿನ ಗಾಳಿಯನ್ನು ಅಳೆಯಲು ಉಪಗ್ರಹ, ರೇಡಾರ್, ಲೈಡಾರ್ ಎಲ್ಲವೂ ಬಂದಿವೆ. ಆದರೂ ಅವು ಕೊಡುವ ಅಂಕಿಗಳು ಸರಿಯೇ ಎಂಬ ಪ್ರಶ್ನೆ ಎದ್ದಾಗ ವಾಯುಮಂಡಲ ಸಂಶೋಧನಾ ಸಂಸ್ಥೆಗಳು ಹೋಲಿಸಿ ನೋಡುವುದು ಬಲೂನಿಗೆ ಕಟ್ಟಿ ಬಿಟ್ಟ ರೇಡಿಯೋಸಾಂಡ್‌ನ ಜೊತೆಗೇ. ರೇಡಿಯೋಸಾಂಡ್, ಚಿಕ್ಕದಾಗಿ ಸಾಂಡ್, ಎಂದರೆ ಏರುತ್ತ ಹೋದಂತೆ ಗಾಳಿಯ ಉಷ್ಣಾಂಶ, ಆರ್ದ್ರತೆ ಮುಂತಾದವನ್ನು ಅಳೆದು ರೇಡಿಯೋ ಮೂಲಕ ನೆಲಕ್ಕೆ ಕಳಿಸುವ ಸಣ್ಣ ಉಪಕರಣ. ಕಾರಣ ಸರಳ: ಅದರ ಸೆನ್ಸರ್ ಆಯಾ ಎತ್ತರದ ಗಾಳಿಯೊಳಗೇ ಇರುತ್ತದೆ. ಉಳಿದವು ದೂರದಿಂದ ನೋಡಿ ಲೆಕ್ಕ ಹಾಕುತ್ತವೆ.

ಈ ಕೆಲಸಕ್ಕೆ ಒಂದು ವಿಚಿತ್ರ ಗುಣವಿದೆ. ಹಾರಾಟ ಒಂದೂವರೆ ಗಂಟೆಯದ್ದು, ಆದರೆ ದತ್ತಾಂಶ ಚೆನ್ನಾಗಿ ಬರುವುದೋ ಕೆಡುವುದೋ ನಿರ್ಧಾರವಾಗುವುದು ಅದಕ್ಕೂ ಮುಂಚಿನ ಒಂದು ಗಂಟೆಯಲ್ಲಿ, ನೆಲದ ಮೇಲೆ. ದಾರ ಕೈಬಿಟ್ಟ ಮೇಲೆ ಗುರುತು ಹಾಕಬಹುದು, ತಿದ್ದುಪಡಿ ಲೆಕ್ಕ ಹಾಕಬಹುದು. ಸಾಂಡನ್ನು ಮುಟ್ಟಲಾಗುವುದಿಲ್ಲ. ಹಾಗಾಗಿ ಇಲ್ಲಿ ಹೆಚ್ಚಿನ ಜಾಗ ಸಿದ್ಧತೆಗೇ ಹೋಗಿದೆ. ಉದಾಹರಣೆಗೆ 350 ಗ್ರಾಂ ಬಲೂನು ಮತ್ತು ಜಿಪಿಎಸ್ ಸಾಂಡ್ ಇಟ್ಟುಕೊಂಡಿದ್ದೇವೆ. ಬೇರೆ ತೂಕದ ಬಲೂನಿಗೆ ಅಂಕಿಗಳು ಬದಲಾಗುತ್ತವೆ, ಕ್ರಮ ಬದಲಾಗುವುದಿಲ್ಲ.

ವೇಳೆ

ಜಗತ್ತಿನಾದ್ಯಂತ ವೀಕ್ಷಣೆಯ ಮುಖ್ಯ ಹೊತ್ತು 00 ಮತ್ತು 12 ಯುಟಿಸಿ (ಜಾಗತಿಕ ಮಾನಕ ಸಮಯ). ಬಲೂನು ಆ ಹೊತ್ತಿಗೆ ಸರಿಯಾಗಿ ನೆಲ ಬಿಡಬೇಕು ಎಂದೇನೂ ಇಲ್ಲ. ಬಿಡುವುದು ಸಾಮಾನ್ಯವಾಗಿ ಮುಕ್ಕಾಲು ಗಂಟೆ ಮೊದಲು, 23:15 ಅಥವಾ 11:15ರ ಆಸುಪಾಸು. ಹಾಗೆ ಬಿಟ್ಟರೆ ನಿಗದಿತ ಗಂಟೆಗೆ ಅದು ಮಧ್ಯದ ಎತ್ತರಗಳನ್ನು ದಾಟುತ್ತಿರುತ್ತದೆ. ಸಿದ್ಧತೆಗೆ ಒಂದು ಗಂಟೆ ಬೇಕು, ಹೊಸಬರಾದರೆ ಒಂದೂವರೆ. ಹತ್ತಿರದಲ್ಲಿ ವಿಮಾನ ಮಾರ್ಗವಿದ್ದರೆ ವಾಯು ಸಂಚಾರ ನಿಯಂತ್ರಣ ಕೇಂದ್ರಕ್ಕೆ ತಿಳಿಸುವ ಕೆಲಸವನ್ನು ಕೊನೆಗೆ ಇಟ್ಟುಕೊಳ್ಳಬೇಡಿ. ಅನುಮತಿಗೆ ಕಾಯುತ್ತ ತುಂಬಿದ ಬಲೂನನ್ನು ಗಾಳಿಯಲ್ಲಿ ಹಿಡಿದು ನಿಂತರೆ ಅದು ಉಜ್ಜಿ ಹಾಳಾಗುತ್ತದೆ.

ಬಲೂನಿನ ಸಂಗ್ರಹ

ಬಲೂನು ನೈಸರ್ಗಿಕ ಲೇಟೆಕ್ಸ್‌ನದು. ಅದಕ್ಕೆ ಬಿಸಿಲು, ಬಿಸಿ ಮತ್ತು ಓಝೋನ್ ಮೂರೂ ಶತ್ರುಗಳು. ಓಝೋನ್ ಎಂದರೆ ಮೇಲಿನ ಪದರದ್ದಷ್ಟೇ ಅಲ್ಲ. ವಿದ್ಯುತ್ ಮೋಟಾರು ಮತ್ತು ಜನರೇಟರಿನ ಕಿಡಿಯಿಂದಲೂ ಅದು ಹುಟ್ಟುತ್ತದೆ. ಬಲೂನಿನ ಪೆಟ್ಟಿಗೆಯನ್ನು ಜನರೇಟರ್ ಕೋಣೆಯಲ್ಲಿ ಇಡುವುದು ಅನೇಕ ಕಡೆ ಕಾಣುವ ತಪ್ಪು, ಏಕೆಂದರೆ ಖಾಲಿ ಜಾಗ ಇರುವುದು ಅಲ್ಲೇ. ತಂಪಾದ, ಕತ್ತಲೆಯ ಕೋಣೆಯಲ್ಲಿ, 15ರಿಂದ 25 ಡಿಗ್ರಿ ಸೆಲ್ಸಿಯಸ್ ನಡುವೆ, ಕಂಪನಿಯ ಪೊಟ್ಟಣದಲ್ಲೇ ಇಡಿ. ಹಳೆಯದನ್ನು ಮೊದಲು ಬಳಸಿ. ಚಳಿ ಪ್ರದೇಶದಲ್ಲಿ ಲೇಟೆಕ್ಸ್ ಬಿರುಸಾಗಿ ಬಿಳಿಚಿಕೊಂಡಿದ್ದರೆ ಹಾಗೆಯೇ ಗ್ಯಾಸ್ ತುಂಬಬೇಡಿ. ಬೆಚ್ಚನೆಯ ಕೋಣೆಯಲ್ಲಿಟ್ಟು ಮೆತ್ತಗಾದ ಮೇಲೆ ತುಂಬಿ.

ಬರಿಗೈಯಲ್ಲಿ ಮುಟ್ಟಬೇಡಿ. ಹತ್ತಿಯ ಅಥವಾ ಮೃದುವಾದ ಕೈಗವಸು ಹಾಕಿ. ಉಂಗುರ, ಕೈಗಡಿಯಾರ ಬಿಚ್ಚಿಡಿ. ಉಗುರು ತಗಲಿದ ಗೀರು ನೆಲದ ಮೇಲೆ ಕಣ್ಣಿಗೆ ಬೀಳುವುದಿಲ್ಲ. ಬಲೂನು ಹಿಗ್ಗಿ ಪೊರೆ ತೆಳುವಾದಾಗ ಒಡೆಯುವುದು ಅಲ್ಲಿಂದಲೇ.

ಸಾಂಡನ್ನು ಪರೀಕ್ಷಿಸುವುದು

ಈಗಿನ ಸಾಂಡ್‌ಗಳು ಸುಮಾರು 100 ಗ್ರಾಂ ತೂಗುತ್ತವೆ. ಒಳಗೆ ಉಷ್ಣಾಂಶಕ್ಕೆ ಒಂದು ಸಣ್ಣ ಸೆನ್ಸರ್, ಆರ್ದ್ರತೆಗೆ ತೆಳು ಪಾಲಿಮರ್ ಪದರದ ಕೆಪಾಸಿಟರ್, ಜಿಪಿಎಸ್ ರಿಸೀವರ್, ಕೆಲವು ಮಾದರಿಗಳಲ್ಲಿ ಒತ್ತಡದ ಸೆನ್ಸರ್, ಮತ್ತು ದತ್ತಾಂಶ ಕಳಿಸಲು 400ರಿಂದ 406 ಮೆಗಾಹರ್ಟ್ಸ್ ವಲಯದ ಟ್ರಾನ್ಸ್‌ಮಿಟರ್ ಇರುತ್ತವೆ.

ಬಳಸುವ ಹೊತ್ತಿನವರೆಗೂ ಪೊಟ್ಟಣ ಒಡೆಯಬೇಡಿ. ಆರ್ದ್ರತೆಯ ಪಾಲಿಮರ್ ನೀರನ್ನು ಮಾತ್ರವಲ್ಲ, ಬಣ್ಣ, ಅಂಟು, ಪ್ಲಾಸ್ಟಿಕ್ಕಿನ ಆವಿಯನ್ನೂ ಹೀರಿಕೊಳ್ಳುತ್ತದೆ. ಹಾಗೆ ಹೀರಿಕೊಂಡ ಸೆನ್ಸರಿನ ಅಂಕಿ ವಾಸ್ತವಕ್ಕಿಂತ ಒಣಗಿರುತ್ತದೆ. ಪರೀಕ್ಷೆಯ ಮೊದಲು ಸೆನ್ಸರನ್ನು ಕಾಯಿಸುವ ಸೌಲಭ್ಯವಿರುವ ಮಾದರಿಗಳಲ್ಲಿ ಆ ಹಂತವನ್ನು ಬಿಡಬೇಡಿ. ಸೇರಿಕೊಂಡ ಆವಿ ಹೊರಹೋಗುವುದು ಆ ಕಾವಿನಿಂದಲೇ.

ಪೊಟ್ಟಣ ತೆರೆದ ಮೇಲೆ ಸಾಂಡನ್ನು ಗ್ರೌಂಡ್ ಚೆಕ್ ಸಾಧನದಲ್ಲಿಡಿ. ಉಷ್ಣಾಂಶದ ಅಂಕಿಯನ್ನು ಮಾನಕ ಥರ್ಮಾಮೀಟರಿನ ಜೊತೆ, ಒತ್ತಡವನ್ನು ನಿಲ್ದಾಣದ ಬ್ಯಾರೋಮೀಟರಿನ ಜೊತೆ, ಆರ್ದ್ರತೆಯನ್ನು ಶೇ 0 ಮತ್ತು ಶೇ 100ರ ಎರಡು ಡಬ್ಬಗಳಲ್ಲಿ ಹೋಲಿಸಿ. ಮಿತಿಗಳು ಸಾಂಡ್ ತಯಾರಕರ ಕೈಪಿಡಿಯಲ್ಲಿರುತ್ತವೆ. ನಮ್ಮ ಅಭಿಪ್ರಾಯದಲ್ಲಿ ಉಷ್ಣಾಂಶ 0.5 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ತೋರಿದ ಸಾಂಡನ್ನು ತಿದ್ದುಪಡಿ ಹಾಕಿ ಹಾರಿಸುವುದಕ್ಕಿಂತ ಪಕ್ಕಕ್ಕಿಡುವುದು ಮೇಲು.

ಇಲ್ಲಿ ಹೆಚ್ಚಾಗಿ ಕೈಕೊಡುವುದು ಸಾಂಡ್ ಅಲ್ಲ, ಮಾನಕವೇ. ಒಂದು ಸಾಂಡ್ ಮಾತ್ರ ತಪ್ಪಿದರೆ ದೋಷ ಅದರದು. ಮೂರು ಸಾಂಡ್‌ಗಳು ಸಾಲಾಗಿ ಒಂದೇ ದಿಕ್ಕಿಗೆ, ಒಂದೇ ಪ್ರಮಾಣದಲ್ಲಿ ತಪ್ಪಿದರೆ ಮಾನಕವನ್ನು ಅನುಮಾನಿಸಿ. ಶೇ 0ರ ಡಬ್ಬದಲ್ಲಿನ ಒಣಗಿಸುವ ಹರಳು ದಣಿದಿದ್ದರೆ ಒಳಗೆ ನಿಜವಾಗಿ ಶೇ 2 ಆರ್ದ್ರತೆ ಉಳಿದಿರುತ್ತದೆ. ಯಂತ್ರ ಅದನ್ನೇ ಸೊನ್ನೆ ಎಂದುಕೊಂಡು ತಿದ್ದುಪಡಿ ಮಾಡುತ್ತದೆ. ನೆಲದ ಹತ್ತಿರ ಈ ತಪ್ಪು ಕಾಣದು. ಆರ್ದ್ರತೆ ಶೇ 3-4ಕ್ಕೆ ಇಳಿಯುವ ಮೇಲಿನ ಪದರಗಳಲ್ಲಿ ಅರ್ಧದಷ್ಟು ನೀರಾವಿ ಮಾಯವಾಗುತ್ತದೆ. ಹರಳಿನ ಬಣ್ಣ ಬದಲಾಗುವುದನ್ನು ಕಾಯದೆ, ತಾರೀಕು ಬರೆದಿಟ್ಟು ಬದಲಿಸಿ. ಶೇ 100ರ ಡಬ್ಬಕ್ಕೆ ಡಿಸ್ಟಿಲ್ಡ್ ನೀರನ್ನೇ ಹಾಕಿ. ಉಪ್ಪು ಕರಗಿದ ನೀರಿನ ಮೇಲೆ ಗಾಳಿಯ ಆರ್ದ್ರತೆ ಶೇ 100 ತಲುಪುವುದಿಲ್ಲ.

ನಂತರ ಫ್ರೀಕ್ವೆನ್ಸಿ. ಟ್ರಾನ್ಸ್‌ಮಿಟರ್ ಹಚ್ಚುವ ಮೊದಲು ರಿಸೀವರಿನಲ್ಲಿ ಆ ವಲಯವನ್ನೊಮ್ಮೆ ನೋಡಿ. ಪಕ್ಕದ ನಿಲ್ದಾಣದ ಸಾಂಡ್ ಅದೇ ಫ್ರೀಕ್ವೆನ್ಸಿಯಲ್ಲಿದ್ದರೆ ನೆಲದ ಮೇಲೆ ನಿಮ್ಮದು ಚೆನ್ನಾಗಿಯೇ ಕೇಳುತ್ತದೆ. ಎರಡೂ ಎತ್ತರಕ್ಕೆ ಹೋದ ಮೇಲೆ ಒಂದರ ಮೇಲೊಂದು ಬೀಳುತ್ತವೆ. ಬ್ಯಾಟರಿ ನೀರು ಹಾಕಿ ಎಚ್ಚರಿಸುವ ಮಾದರಿಯಾದರೆ ಕೈಪಿಡಿ ಹೇಳಿದಷ್ಟು ನಿಮಿಷ ಮಾತ್ರ ನೆನೆಸಿ, ನೀರು ಬಸಿದು ಕಟ್ಟಿ. ಲಿಥಿಯಂ ಬ್ಯಾಟರಿಯಲ್ಲಿ ಈ ಕೆಲಸವಿಲ್ಲ. ಕೊನೆಗೆ ಸಾಂಡನ್ನು ಬಯಲಿಗೆ ತಂದು ಜಿಪಿಎಸ್ ಉಪಗ್ರಹಗಳು ಹಿಡಿಯುವವರೆಗೆ ನೆರಳಲ್ಲಿಡಿ. ಸ್ಥಾನ ಲೆಕ್ಕ ಹಾಕಲು ಕನಿಷ್ಠ ನಾಲ್ಕು ಉಪಗ್ರಹ ಬೇಕು. ಎಂಟು-ಹತ್ತು ಸಿಗುವವರೆಗೆ ಕಾದರೆ ಗಾಳಿಯ ವೇಗ ಮೊದಲ ಸೆಕೆಂಡಿನಿಂದಲೇ ಸ್ಥಿರವಾಗಿ ಬರುತ್ತದೆ.

ಎಷ್ಟು ಗ್ಯಾಸ್

ಹೊಸಬರು ಎಡವುವುದು ಇಲ್ಲಿ. ಮೂರು ಲೆಕ್ಕಗಳನ್ನು ಬೇರೆ ಬೇರೆ ಇಟ್ಟುಕೊಳ್ಳಿ: ಬಲೂನಿನ ಸ್ವಂತ ತೂಕ, ಅದು ಹೊರುವ ಸಾಮಾನಿನ ತೂಕ, ಮತ್ತು ಇವೆರಡನ್ನೂ ಎತ್ತಿದ ಮೇಲೂ ಮಿಗುವ ಬಲ. ಈ ಮಿಕ್ಕ ಬಲಕ್ಕೆ ಫ್ರೀ ಲಿಫ್ಟ್ ಎನ್ನುತ್ತಾರೆ, ಏರುವ ವೇಗವನ್ನು ಕೊಡುವುದು ಅದೇ.

ನಮ್ಮ ಉದಾಹರಣೆಯಲ್ಲಿ ಸಾಂಡ್ 100 ಗ್ರಾಂ, ಪ್ಯಾರಾಚೂಟ್ 40, ದಾರ ಮತ್ತು ದಾರ ಬಿಚ್ಚುವ ರಾಟೆ 60. ಒಟ್ಟು 200 ಗ್ರಾಂ. ಸೆಕೆಂಡಿಗೆ 5 ಮೀಟರ್‌ಗಿಂತ ತುಸು ಹೆಚ್ಚಿನ ವೇಗಕ್ಕೆ ಫ್ರೀ ಲಿಫ್ಟ್ ಸುಮಾರು 600 ಗ್ರಾಂ ಬೇಕು. ಬಲೂನಿನ 350 ಸೇರಿಸಿದರೆ ಒಟ್ಟು ಎತ್ತುಬಲ 1,150 ಗ್ರಾಂ. ಸಮುದ್ರಮಟ್ಟದಲ್ಲಿ, 30 ಡಿಗ್ರಿ ಉಷ್ಣಾಂಶದಲ್ಲಿ ಒಂದು ಘನ ಮೀಟರ್ ಹೈಡ್ರೋಜನ್ ಸುಮಾರು 1.08 ಕೆಜಿ, ಹೀಲಿಯಂ ಸುಮಾರು 1 ಕೆಜಿ ಎತ್ತುತ್ತದೆ. ಅಂದರೆ ಹೈಡ್ರೋಜನ್ 1.06 ಘನ ಮೀಟರ್, ಹೀಲಿಯಂ 1.15 ಘನ ಮೀಟರ್ ಬೇಕು. ತುಂಬಿದ ಬಲೂನಿನ ವ್ಯಾಸ ಹೆಚ್ಚುಕಡಿಮೆ 1.27 ಮೀಟರ್ ಆಗುತ್ತದೆ.

ತುಂಬುವಾಗ ಬಾಯಿಗೆ ತೂಗುಹಾಕುವ ತೂಕ ಮಾತ್ರ 1,150 ಅಲ್ಲ, 800 ಗ್ರಾಂ. ಬಲೂನು ತನ್ನ ಸ್ವಂತ ತೂಕವನ್ನು ಆಗಲೇ ಎತ್ತಿಕೊಂಡಿರುತ್ತದೆ. ನಾಝಲ್‌ನ ತೂಕ ಮತ್ತು ನೆಲದಿಂದ ಮೇಲೆದ್ದ ಕೊಳವೆಯ ಭಾಗದ ತೂಕ ಈ 800ರೊಳಗೇ ಸೇರಬೇಕು. ಕೊಳವೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಬಲೂನು ಹೆಚ್ಚು ತುಂಬುತ್ತದೆ. ಹೆಚ್ಚು ತುಂಬಿದ ಬಲೂನು ವೇಗವಾಗಿ ಏರಿ ಕಡಿಮೆ ಎತ್ತರದಲ್ಲಿ ಒಡೆಯುತ್ತದೆ. ಕಡಿಮೆ ತುಂಬಿದ್ದು ನಿಧಾನವಾಗಿ ಏರಿ ಗಾಳಿಯಲ್ಲಿ ದೂರ ತೇಲುತ್ತದೆ, ಸಿಗ್ನಲ್ ದಿಗಂತದ ಹತ್ತಿರ ಇಳಿದು ಕಳೆದುಹೋಗುತ್ತದೆ. ಸೆನ್ಸರಿನ ಮೇಲೆ ಗಾಳಿ ಸಾಕಷ್ಟು ಆಡದೆ ಬಿಸಿಲಿನ ದೋಷವೂ ಏರುತ್ತದೆ.

ಗಡಿಯಾರ ನೋಡಿಯೋ ಸಿಲಿಂಡರಿನ ಮೀಟರ್ ನೋಡಿಯೋ ತುಂಬಬೇಡಿ, ತೂಕದಿಂದಲೇ ತುಂಬಿ. ಎತ್ತರದ ಊರಿನಲ್ಲಿ ಗಾಳಿ ತೆಳು, ಬೇಕಾಗುವ ಗಾತ್ರ ಹೆಚ್ಚು. ತೂಕ ನೋಡಿ ತುಂಬುವವರಿಗೆ ಆ ವ್ಯತ್ಯಾಸ ತಾನಾಗಿಯೇ ಸರಿಹೋಗುತ್ತದೆ. ಮಳೆಯಲ್ಲಿ ಬಲೂನಿನ ಮೈಮೇಲೆ ನೀರು ಕೂರುವುದರಿಂದ 100ರಿಂದ 200 ಗ್ರಾಂ ಹೆಚ್ಚು ಫ್ರೀ ಲಿಫ್ಟ್ ಕೊಡಿ. ಮೋಡದಲ್ಲಿ ಹಿಮ ಕಟ್ಟುವ ಲಕ್ಷಣವಿದ್ದರೆ ಇನ್ನೂ ಹೆಚ್ಚು.

ತುಂಬುವುದು

ಹೀಲಿಯಂ ಉರಿಯುವುದಿಲ್ಲ, ಆದರೆ ಮುಚ್ಚಿದ ಕೋಣೆಯಲ್ಲಿ ಸೋರಿದರೆ ಉಸಿರುಕಟ್ಟಿಸುತ್ತದೆ. ಹೈಡ್ರೋಜನ್‌ನ ವಿಷಯ ಬೇರೆ. ಗಾಳಿಯಲ್ಲಿ ಅದರ ಪ್ರಮಾಣ ಶೇ 4ರಿಂದ 75ರವರೆಗೆ ಎಷ್ಟಿದ್ದರೂ ಹೊತ್ತಿಕೊಳ್ಳುತ್ತದೆ. ಹೊತ್ತಿಸಲು ಬೇಕಾದ ಶಕ್ತಿ 0.02 ಮಿಲಿಜೂಲ್ ಮಾತ್ರ; ಸಿಂಥೆಟಿಕ್ ಅಂಗಿ ಉಜ್ಜಿದಾಗ ಹುಟ್ಟುವ, ಮೈಗೆ ತಿಳಿಯದಷ್ಟು ಸಣ್ಣ ಕಿಡಿಯೂ ಅದಕ್ಕೆ ಸಾಕು. ಹಗಲಿನಲ್ಲಿ ಜ್ವಾಲೆ ಕಣ್ಣಿಗೆ ಕಾಣುವುದೇ ಇಲ್ಲ.

ಹಾಗಾಗಿ ಹತ್ತಿ ಬಟ್ಟೆ, ವಿದ್ಯುತ್ ಹರಿಯಬಿಡುವ ಅಡಿಯ ಪಾದರಕ್ಷೆ. ಫೋನು ಹೊರಗೆ. ಚಾವಣಿಯ ತುದಿಯಲ್ಲಿ ಕಿಂಡಿ ತೆರೆದಿರಬೇಕು, ಏಕೆಂದರೆ ಸೋರಿದ ಹೈಡ್ರೋಜನ್ ಮೇಲಕ್ಕೇ ಹೋಗಿ ನಿಲ್ಲುತ್ತದೆ. ಸಿಲಿಂಡರ್, ರೆಗ್ಯುಲೇಟರ್, ನಾಝಲ್, ಮೇಜು ಎಲ್ಲಕ್ಕೂ ಒಂದೇ ಅರ್ಥಿಂಗ್. ಕೋಣೆಯೊಳಗೆ ಬರುವವರು ಬಾಗಿಲಲ್ಲಿರುವ ಅರ್ಥ್ ಮಾಡಿದ ಲೋಹದ ಫಲಕವನ್ನು ಮೊದಲು ಮುಟ್ಟಬೇಕು. ಒಣ ಹವೆಯ ದಿನಗಳಲ್ಲಿ ನೆಲಕ್ಕೆ ನೀರು ಚಿಮುಕಿಸಿ.

1. ಬಲೂನನ್ನು ಶುಭ್ರವಾದ ಬಟ್ಟೆ ಹಾಸಿದ ಮೇಜಿನ ಮೇಲೆ ಬಿಡಿಸಿ. ಒಳಗಿನ ಗಾಳಿಯನ್ನು ಬಾಯಿಯ ಕಡೆಗೆ ಮೆಲ್ಲಗೆ ಒತ್ತಿ ತೆಗೆಯಿರಿ. ಹೈಡ್ರೋಜನ್ ಜೊತೆ ಗಾಳಿ ಉಳಿಯಬಾರದು.
2. ಬಾಯಿಯನ್ನು ನಾಝಲ್‌ಗೆ ಏರಿಸಿ ಪಟ್ಟಿಯಿಂದ ಬಿಗಿಯಿರಿ, 800 ಗ್ರಾಂ ಸಮತೂಕ ಜೋಡಿಸಿ.
3. ವಾಲ್ವನ್ನು ನಿಧಾನಕ್ಕೆ ತೆರೆಯಿರಿ. ರಭಸದಿಂದ ನುಗ್ಗುವ ಗ್ಯಾಸು ಸ್ಥಿರವಿದ್ಯುತ್ ಹುಟ್ಟಿಸುತ್ತದೆ, ಲೇಟೆಕ್ಸ್ ಒಂದೇ ಕಡೆ ಹಿಗ್ಗುತ್ತದೆ. ಹತ್ತು ನಿಮಿಷ ತೆಗೆದುಕೊಂಡರೂ ನಷ್ಟವಿಲ್ಲ.
4. ಬಲೂನು ಅರ್ಧ ತುಂಬಿದಾಗ ವಾಲ್ವ್ ಮುಚ್ಚಿ, ಕಿವಿಗೊಟ್ಟು ಕೇಳಿ, ತೂತು ಇದೆಯೇ ನೋಡಿ.
5. ಸಮತೂಕ ನೆಲ ಬಿಟ್ಟು ಗಾಳಿಯಲ್ಲಿ ಸುಮ್ಮನೆ ನಿಂತಾಗ ನಿಲ್ಲಿಸಿ.
6. ಬಾಯಿಗಿಂತ ಮೇಲೆ ಹತ್ತಿ ಹುರಿಯಿಂದ ನಾಲ್ಕು ಸುತ್ತು ಕಟ್ಟಿ, ಕುತ್ತಿಗೆಯನ್ನು ಮಡಿಸಿ ಮತ್ತೊಮ್ಮೆ ಕಟ್ಟಿ. ತೆಳ್ಳನೆಯ ನೈಲಾನ್ ದಾರ ಲೇಟೆಕ್ಸ್ ಕೊಯ್ಯುತ್ತದೆ.

ಬಲೂನು ಸೋರುತ್ತಿದೆ ಎಂದು ಗೊತ್ತಾದರೆ ಕೋಣೆಯೊಳಗೆ ಗ್ಯಾಸ್ ಬಿಡಬೇಡಿ. ಹೊರಗೆ ಒಯ್ದು ಹಾಗೆಯೇ ಹಾರಿಬಿಡಿ. ಒಂದು ಬಲೂನು ಹೋದರೆ ಹೋಯಿತು. 7 ಘನ ಮೀಟರಿನ ಸಿಲಿಂಡರ್ ಇಂಥ ಆರು ಬಲೂನಿಗೆ ಸಾಕು. ಪೂರ್ತಿ ಖಾಲಿ ಮಾಡದೆ ಸ್ವಲ್ಪ ಒತ್ತಡ ಉಳಿಸಿ, ಇಲ್ಲದಿದ್ದರೆ ಒಳಗೆ ಗಾಳಿ ಸೇರುತ್ತದೆ.

ದಾರದ ಉದ್ದ

ಬಲೂನು, ಅದರ ಕೆಳಗೆ ಪ್ಯಾರಾಚೂಟ್, ಆಮೇಲೆ ರಾಟೆ, 30 ಮೀಟರ್ ದಾರ, ಕೊನೆಯಲ್ಲಿ ಸಾಂಡ್: ಇದು ಕಟ್ಟುವ ಕ್ರಮ. ದಾರ ಉದ್ದವಾಯಿತೆಂದು ಹತ್ತು ಮೀಟರಿಗೆ ಇಳಿಸುವವರುಂಟು. ಹಾಗೆ ಮಾಡಬೇಡಿ. ಬಿಸಿಲಿಗೆ ಕಾದ ಬಲೂನಿನ ಮೈ ತನ್ನ ಹಿಂದೆ ಬೆಚ್ಚನೆಯ ಗಾಳಿಯ ಜಾಡು ಬಿಡುತ್ತ ಏರುತ್ತದೆ. ರಾತ್ರಿ ಅದೇ ಜಾಡು ತಣ್ಣಗಿರಬಹುದು. ದಾರ ಗಿಡ್ಡವಾದರೆ ಸಾಂಡ್ ಆ ಜಾಡಿನೊಳಗೆ ತೂಗಾಡುತ್ತ ಹೋಗಿ ಬರುತ್ತದೆ, ಗಾಳಿ ತೆಳುವಾದಂತೆ ಉಷ್ಣಾಂಶದ ಗೆರೆಯಲ್ಲಿ ಮುಳ್ಳುಗಳು ಏಳುತ್ತವೆ. 30 ಮೀಟರ್ ದಾರದ ಲೋಲಕಕ್ಕೆ ಒಂದು ತೂಗು ಸುಮಾರು 11 ಸೆಕೆಂಡು. ಮುಳ್ಳುಗಳು ಆ ಅಂತರದಲ್ಲಿ ಮರುಕಳಿಸುತ್ತಿದ್ದರೆ ಅದು ವಾಯುಮಂಡಲದ ಅಲೆಯಲ್ಲ, ನಿಮ್ಮ ದಾರ. ಗಾಳಿಯ ವೇಗದ ದತ್ತಾಂಶದಿಂದ ಸಾಫ್ಟ್‌ವೇರ್ ಸೋಸಿ ತೆಗೆಯುವುದೂ ಇದೇ ತೂಗಾಟವನ್ನು. ಹಾಗಾಗಿ ದಾರದ ಉದ್ದ ಬದಲಿಸಿದರೆ ಸೆಟ್ಟಿಂಗ್‌ನಲ್ಲೂ ಬದಲಿಸಬೇಕು.

ಬಿಡುವುದು

ಬಿಡುವ ಕ್ಷಣದ ನೆಲದ ಒತ್ತಡ, ಉಷ್ಣಾಂಶ, ಆರ್ದ್ರತೆ, ಗಾಳಿ, ಮೋಡ ಇವನ್ನು ನಮೂದಿಸಿ. ಹತ್ತು ನಿಮಿಷ ಹಿಂದಿನ ಅಂಕಿ ಬೇಡ. ಒತ್ತಡದಲ್ಲಿ 1 ಹೆಕ್ಟೊಪಾಸ್ಕಲ್ ತಪ್ಪಿದರೆ ಸಮುದ್ರಮಟ್ಟದ ಬಳಿ ಎತ್ತರದಲ್ಲಿ 8-9 ಮೀಟರ್ ತಪ್ಪು. 10 ಹೆಕ್ಟೊಪಾಸ್ಕಲ್ ಮಟ್ಟದಲ್ಲಿ ಸೆನ್ಸರ್ ಅಷ್ಟೇ ತಪ್ಪಿದರೆ ಅದು 650 ಮೀಟರ್ ದಾಟುತ್ತದೆ. ಮೇಲಿನ ಪದರಗಳಲ್ಲಿ ಈಗ ಜಿಪಿಎಸ್ ಎತ್ತರದಿಂದಲೇ ಒತ್ತಡವನ್ನು ಲೆಕ್ಕ ಹಾಕುವುದು ಇದಕ್ಕಾಗಿಯೇ.

ಒಂದು ಸಣ್ಣ ಬಲೆ ಇದೆ. ಹಾರಾಟ ಶುರುವಾಯಿತೆಂದು ಸಾಫ್ಟ್‌ವೇರ್ ತಿಳಿಯುವುದು ಒತ್ತಡ ಇಳಿದಾಗ. ‘ಸಿದ್ಧ’ ಎಂದು ಒತ್ತಿದ ಮೇಲೆ ಸಾಂಡನ್ನು ಹಿಡಿದು ಮೂರನೇ ಮಹಡಿಯ ತಾರಸಿಗೆ ಹತ್ತಿದರೆ ಒಂದು ಹೆಕ್ಟೊಪಾಸ್ಕಲ್‌ನಷ್ಟು ಇಳಿದು, ಬಲೂನು ನಿಮ್ಮ ಕೈಯಲ್ಲಿರುವಾಗಲೇ ಹಾರಾಟ ಆರಂಭವಾಗಿಬಿಡುತ್ತದೆ. ಬಿಡುವ ಜಾಗಕ್ಕೆ ಹೋದ ಮೇಲೆಯೇ ಒತ್ತಿ.

ಗಾಳಿಗೆ ಬೆನ್ನು ಮಾಡಿ ನಿಂತು, ಮರ-ತಂತಿ ಇಲ್ಲದ ದಿಕ್ಕಿಗೆ ಬಿಡಿ. ರಾಟೆ ಇದ್ದರೆ ಒಬ್ಬರೇ ಸಾಕು. ಇಲ್ಲದೆ ಪೂರ್ತಿ ದಾರ ಬಿಚ್ಚಿ ಹಿಡಿದಿದ್ದರೆ ಸಾಂಡ್ ಹಿಡಿದವರು ಗಾಳಿ ಹೋಗುವ ದಿಕ್ಕಿನಲ್ಲಿ ಮುಂದೆ ನಿಲ್ಲಬೇಕು. ಆಗ ಬಲೂನು ಅವರ ತಲೆಯ ಮೇಲೆ ಬರುವ ಹೊತ್ತಿಗೆ ದಾರ ನೆಟ್ಟಗಾಗಿ ಸಾಂಡ್ ಜಗ್ಗದೆ ಏಳುತ್ತದೆ. ಸೆನ್ಸರ್ ಕಡ್ಡಿಯನ್ನು ಹಿಡಿಯಬೇಡಿ, ಸಾಂಡ್‌ನ ಹೊಟ್ಟೆ ಹಿಡಿಯಿರಿ.

ಹಾರಾಟವನ್ನು ಓದುವುದು

ಮೊದಲ ಐದು ನಿಮಿಷ ಪರದೆಯಿಂದ ಕಣ್ಣು ತೆಗೆಯಬೇಡಿ. ಏರುವ ವೇಗ ಸೆಕೆಂಡಿಗೆ 5ರಿಂದ 6 ಮೀಟರ್ ನಡುವೆ ನಿಂತರೆ ಸರಿ. ಮೆಲ್ಲಮೆಲ್ಲನೆ ಇಳಿಯುತ್ತಿದ್ದರೆ ಸೋರಿಕೆ. ಮೋಡದೊಳಗೆ ತಟ್ಟನೆ ಇಳಿದು, ಸೊನ್ನೆ ದಾಟಿ ಕೆಳಗೆ ಬಂದು, ಹಿಮ ಕರಗಿದ ಮೇಲೆ ಮತ್ತೆ ಏರಿದರೆ ಅದು ಹಿಮದ ಭಾರ. ಒಂದೇ ಎತ್ತರವನ್ನು ಎರಡೆರಡು ಸಲ ಅಳೆದ ಆ ಭಾಗಕ್ಕೆ ಗುರುತು ಹಾಕಿ.

ಮೋಡದಿಂದ ಹೊರಬಂದ ಸೆನ್ಸರ್ ಒದ್ದೆಯಾಗಿರುತ್ತದೆ. ನೀರು ಆರುವಾಗ ಅದು ತಣಿಯುತ್ತದೆ. ಮೋಡದ ನೆತ್ತಿಯ ಮೇಲೆ ಉಷ್ಣಾಂಶ ಕಿಲೋಮೀಟರಿಗೆ 9.8 ಡಿಗ್ರಿಗಿಂತ ವೇಗವಾಗಿ ಇಳಿದಂತೆ ಕಂಡರೆ ಮೊದಲು ಇದನ್ನೇ ಅನುಮಾನಿಸಿ. ಬಿಸಿಲು ಬಿದ್ದ ನೆಲದ ಮೇಲಿನ ಕೆಲವು ಮೀಟರಿನಲ್ಲಿ ಅಂಥ ಇಳಿತ ನಿಜವಿರಬಹುದು, ಮೂರು ಕಿಲೋಮೀಟರ್ ಮೇಲೆ ಅಪರೂಪ.

ಆರ್ದ್ರತೆಯ ಸೆನ್ಸರ್ ಚಳಿಯಲ್ಲಿ ಸೋಮಾರಿ. ಮೈನಸ್ 60 ಡಿಗ್ರಿಯ ಬಳಿ ಅದು ಬದಲಾವಣೆಗೆ ಓಗೊಡಲು ಹತ್ತಾರು ಸೆಕೆಂಡು ಹಿಡಿಯುತ್ತದೆ. 40 ಸೆಕೆಂಡಿನಲ್ಲಿ ಸಾಂಡ್ 200 ಮೀಟರ್ ಮೇಲೇರಿರುತ್ತದೆ. ಹಾಗಾಗಿ ಎತ್ತರದ ಹಿಮಮೋಡದ ಅಂಚು ಚೂಪಾಗಿ ಕಾಣದೆ ಹರಡಿಕೊಂಡಿರುತ್ತದೆ.

ಬಿಸಿಲಿನ ದೋಷ ಎತ್ತರದೊಂದಿಗೆ ಬೆಳೆಯುತ್ತದೆ. ಸೆನ್ಸರಿನ ಮೇಲೆ ಬಿದ್ದ ಬಿಸಿಯನ್ನು ಒಯ್ಯಲು ಅಲ್ಲಿ ಸಾಕಷ್ಟು ಗಾಳಿಯಿಲ್ಲ. ಸಾಫ್ಟ್‌ವೇರ್ ಸೂರ್ಯನ ಕೋನ ಹಿಡಿದು ತಿದ್ದುಪಡಿ ಹಾಕುತ್ತದೆ, ಆದ್ದರಿಂದ ನಿಲ್ದಾಣದ ಅಕ್ಷಾಂಶ, ರೇಖಾಂಶ, ಗಡಿಯಾರ ಸರಿಯಿರಲೇಬೇಕು. ಇದೇನೂ ಹೊಸ ತಲೆನೋವಲ್ಲ. ಫ್ರಾನ್ಸಿನ ಲಿಯೋನ್ ತೇಸ್ರಾಂಕ್ ದ ಬೋರ್ 1902ರಲ್ಲಿ ಸ್ಟ್ರಾಟೋಸ್ಫಿಯರ್ ಎಂಬ ಮೇಲಿನ ಪದರ ಇದೆ ಎಂದು ಸಾರುವ ಮೊದಲು ರಾತ್ರಿ ಹೊತ್ತೂ ಬಲೂನು ಬಿಟ್ಟು ನೋಡಿದ್ದರು. ಹನ್ನೊಂದು ಕಿಲೋಮೀಟರಿನ ಮೇಲೆ ಉಷ್ಣಾಂಶ ಇಳಿಯದೆ ನಿಂತದ್ದು ಬಿಸಿಲಿನ ಆಟವಲ್ಲ ಎಂದು ಖಚಿತವಾಗಬೇಕಿತ್ತು. ಅವರ ಕಾಲದಲ್ಲಿ ಉಪಕರಣ ಬಿದ್ದ ಕಡೆ ಹುಡುಕಿ ತಂದು ದಾಖಲೆ ಓದಬೇಕಿತ್ತು. ರೇಡಿಯೋ ಮೂಲಕ ಅಂಕಿ ಕಳಿಸುವ ಸಾಂಡನ್ನು ರಾಬರ್ಟ್ ಬ್ಯೂರೋ ಹಾರಿಸಿದ್ದು 1929ರಲ್ಲಿ.

ಟ್ರೊಪೊಪಾಸ್, ಅಂದರೆ ಕೆಳಗಿನ ಪದರ ಮುಗಿದು ಸ್ಟ್ರಾಟೋಸ್ಫಿಯರ್ ಶುರುವಾಗುವ ಗಡಿ, ಗುರುತಿಸುವಾಗ ಗೆರೆಯ ಆಕಾರ ನೋಡಿ ಅಂದಾಜಿಸಬೇಡಿ. ಉಷ್ಣಾಂಶದ ಇಳಿಕೆ ಕಿಲೋಮೀಟರಿಗೆ 2 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆಯಾದ ಅತಿ ಕೆಳಗಿನ ಮಟ್ಟ ಅದು. ಅಲ್ಲಿಂದ ಮುಂದಿನ 2 ಕಿಲೋಮೀಟರ್‌ವರೆಗೆ ಯಾವ ಮಟ್ಟದವರೆಗಿನ ಸರಾಸರಿ ತೆಗೆದರೂ ಇಳಿಕೆ 2 ಡಿಗ್ರಿ ಮೀರಿರಬಾರದು.

ಒಡೆದ ಮೇಲೆ

26 ಕಿಲೋಮೀಟರಿನಲ್ಲಿ ಒತ್ತಡ ಸುಮಾರು 22 ಹೆಕ್ಟೊಪಾಸ್ಕಲ್. ಅಲ್ಲಿ ಬಲೂನಿನ ಗಾತ್ರ ನೆಲದಲ್ಲಿದ್ದುದರ 34 ಪಟ್ಟು, ವ್ಯಾಸ 4 ಮೀಟರ್ ದಾಟಿರುತ್ತದೆ. 350 ಗ್ರಾಂ ಲೇಟೆಕ್ಸ್‌ನ ತಾಳಿಕೆ ಬಹುಪಾಲು ಅಷ್ಟೇ. 30 ಕಿಲೋಮೀಟರ್ ಬೇಕಿದ್ದರೆ 600 ಗ್ರಾಂ ಬಲೂನು, ಇನ್ನೂ ಮೇಲೆ ಹೋಗಬೇಕಿದ್ದರೆ 1,000 ಅಥವಾ 1,200 ಗ್ರಾಂ ಬಲೂನು ತೆಗೆದುಕೊಳ್ಳಿ. 350ನ್ನೇ ಹೆಚ್ಚು ತುಂಬಿ ಎತ್ತರ ಗಳಿಸಲಾಗದು.

ಹಾರಾಟ ನಿಂತ ಕಾರಣವನ್ನು ನೀವೇ ನೋಡಿ ಬರೆಯಿರಿ. ಸಿಗ್ನಲ್ ಕಳೆದದ್ದನ್ನು ಬಲೂನು ಒಡೆದದ್ದು ಎಂದು ಯಂತ್ರ ನಮೂದಿಸುವುದುಂಟು. ಒಡೆದಾಗ ಎತ್ತರ ತಟ್ಟನೆ ತಿರುಗಿ, ಸಾಂಡ್ ತೆಳುಗಾಳಿಯಲ್ಲಿ ಸೆಕೆಂಡಿಗೆ ಹತ್ತಾರು ಮೀಟರ್ ಬೀಳುತ್ತದೆ, ಪ್ಯಾರಾಚೂಟಿಗೆ ಗಾಳಿ ಸಿಗುತ್ತಿದ್ದಂತೆ ನಿಧಾನವಾಗುತ್ತದೆ. 400 ಹೆಕ್ಟೊಪಾಸ್ಕಲ್ ತಲುಪುವ ಮೊದಲೇ ಹಾರಾಟ ಮುಗಿದರೆ ಸಮಯವಿದ್ದಲ್ಲಿ ಎರಡನೇ ಬಲೂನು ಬಿಡುವುದು ಹಲವು ನಿಲ್ದಾಣಗಳ ರೂಢಿ.

ದಾಖಲೆಯಲ್ಲಿ ಬಲೂನಿನ ಬ್ಯಾಚ್ ಸಂಖ್ಯೆ, ತಯಾರಾದ ತಿಂಗಳು, ಗ್ಯಾಸ್, ಕೊಟ್ಟ ಎತ್ತುಬಲ, ಒಡೆದ ಒತ್ತಡ ಇರಲಿ. ಒಂದೇ ಬ್ಯಾಚಿನ ಬಲೂನುಗಳು ಸತತವಾಗಿ ಕೆಳಗೇ ಒಡೆಯುತ್ತಿದ್ದರೆ ಈ ಪಟ್ಟಿ ಹೇಳುತ್ತದೆ. ಹವಾಮಾನ ಕೇಂದ್ರಕ್ಕೆ ಬಫರ್ (BUFR) ಎಂಬ ಅಂತರರಾಷ್ಟ್ರೀಯ ಹವಾಮಾನ ಸಂಕೇತದಲ್ಲಿ ಸಂದೇಶ ಹೋದ ಮೇಲೂ ಸೆಕೆಂಡು ಸೆಕೆಂಡಿನ ಕಚ್ಚಾ ಅಂಕಿಗಳನ್ನು, ತಿದ್ದುಪಡಿಗೆ ಮೊದಲಿನ ರೂಪದಲ್ಲಿ, ಗ್ರೌಂಡ್ ಚೆಕ್ ಕಡತದ ಜೊತೆಗೆ ಇಟ್ಟುಕೊಳ್ಳಿ. ಬಿಸಿಲಿನ ತಿದ್ದುಪಡಿಯ ಸೂತ್ರ ನಾಳೆ ಸುಧಾರಿಸಿದರೆ ಹಳೆಯ ಹಾರಾಟಗಳನ್ನು ಮತ್ತೆ ಲೆಕ್ಕ ಹಾಕಲು ಬೇಕಾಗುವುದು ಆ ಕಚ್ಚಾ ಅಂಕಿಗಳೇ. ತಿದ್ದಿದ ಅಂಕಿಯಿಂದ ಹಿಂದಕ್ಕೆ ಹೋಗುವ ದಾರಿ ಸಾಮಾನ್ಯವಾಗಿ ಇರುವುದಿಲ್ಲ.